ಅವ್ವ ಅಳೆಸಿದ ಮನೆ

ಹೊಸಪೇಟೆಯಲ್ಲಿ ನಾವು ಮನೆ ಕೊಂಡದ್ದು ದೊಡ್ಡ ಸಂಗತಿಯೇನಲ್ಲ, ದಿನಾ ಎಷ್ಟೋ ಜನ ಕೊಳ್ಳುತ್ತಾರೆ. ಕೊಳ್ಳುವ ಮುಂಚೆ ನನ್ನ ಅವ್ವ ಅದನ್ನು ಅಳೆಸಿದಳು, ಅದು ದೊಡ್ಡ ಸಂಗತಿ. ಇದನ್ನು ನಾನು ಲ್ಯಾಬಿನಲ್ಲಿ, ಬಸ್ಸಿನಲ್ಲಿ, ಮದುವೆಮನೆಗಳ ಊಟದ ಪಂಕ್ತಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿದ್ದೇನೆ. ಕೇಳಿ ಕೇಳಿ ಸಾಕಾದವರು ಈಗ ನಾನು ಬಾಯಿ ತೆರೆದರೆ ಸಾಕು, ಗೊತ್ತೈತಿ ಬಿಡವ್ವ ಎಂದು ಎದ್ದು ಹೋಗುತ್ತಾರೆ. ಹೋಗಲಿ. ಬರೆದರೆ ಯಾರೂ ನನ್ನ ಕಣ್ಣೆದುರು ಎದ್ದು ಹೋಗಲಾರರು ಎಂದು ಬರೆಯಲು ಕೂತಿದ್ದೇನೆ.

ನಾನು ತೋರಣಗಲ್ಲಿನಲ್ಲಿ ಒಂದು ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಅದಿರಿನ ಮಾದರಿ ಬರುತ್ತದೆ, ಪರೀಕ್ಷೆ ಮಾಡಿ ಅದರಲ್ಲಿ ಏನೆಷ್ಟಿದೆ ಎಂದು ಬರೆದುಕೊಡುತ್ತೇನೆ. ಬಹಳ ವರ್ಷ ಗುತ್ತಿಗೆಯ ಮೇಲೆ ದುಡಿದು ಆಮೇಲೆ ಕಾಯಂ ಆದವಳು. ಕಾಯಂ ಆದ ಕೂಡಲೇ, ಇನ್ನು ಬಾಡಿಗೆ ಮನೆ ಸಾಕು, ನಮ್ಮದೇ ಒಂದು ನೋಡೋಣ ಎಂದು ಅವ್ವನಿಗೆ ಹೇಳಿದೆ. ಬಳಗದವರು ಸುಮ್ಮನಿರುತ್ತಾರೆಯೇ? ಹುಡುಗಿ ಮದುವೆ ಬಿಟ್ಟು ಮನೆ ಹುಡುಕುತ್ತಿದ್ದಾಳೆ ಎಂದು ಆಡಿಕೊಂಡರು. ಮನೆಯಾದರೆ ಸರಿಬರದಿದ್ದಾಗ ಮಾರಬಹುದು ಎಂದು ಹೇಳಿ ಅವರ ಬಾಯಿ ಮುಚ್ಚಿಸಿದೆ.

ಆದರೆ ಮನೆ ಬೇಕಾಗಿದ್ದದ್ದು ನನಗಿಂತ ಹೆಚ್ಚಾಗಿ ಅವ್ವನಿಗೆ. ಅವಳು ಮದುವೆಯಾಗಿ ಬಂದದ್ದು ಹಂಪಿ ಬಜಾರಿನ ಒಂದು ಕಲ್ಲುಮಂಟಪಕ್ಕೆ. ಗುಡಿಯ ಮುಂದಿನ ಆ ಸಾಲಿನಲ್ಲಿ ಆಗ ಎಷ್ಟೋ ಸಂಸಾರಗಳಿದ್ದವು. ಕಂಬದಿಂದ ಕಂಬಕ್ಕೆ ಗೋಡೆ ಎಬ್ಬಿಸಿಕೊಂಡು ಮುಂದೆ ಅಂಗಡಿ, ಹಿಂದೆ ಒಲೆ. ಅಪ್ಪ ಪ್ರವಾಸಿಗರಿಗೆ ಊರು ತೋರಿಸುತ್ತಿದ್ದ. ಅವ್ವ ತೆಂಗಿನಕಾಯಿ, ಬಾಳೆಹಣ್ಣು, ಊದಿನಕಡ್ಡಿ ಮಾರುತ್ತಿದ್ದಳು. ನಾನು ಹುಟ್ಟಿ ಬೆಳೆದದ್ದು ಅಲ್ಲೇ. ಮಳೆ ಬಂದರೆ ಸೋರುತ್ತಿರಲಿಲ್ಲ, ಬೇಸಿಗೆಯಲ್ಲಿ ತಂಪು, ಅಂಥ ಮನೆಯನ್ನು ನಾನು ಇನ್ನೂ ನೋಡಿಲ್ಲ.

ಆಮೇಲೆ ಒಂದು ದಿನ, ಹಳೆಯ ಸ್ಮಾರಕಗಳಲ್ಲಿ ಯಾರೂ ಇರಬಾರದೆಂದು ಸರ್ಕಾರದವರು ಆ ಮಂಟಪಗಳನ್ನೆಲ್ಲ ಖಾಲಿ ಮಾಡಿಸಿದರು. ಅವು ನಮ್ಮವಲ್ಲ ಎನ್ನುವುದು ಎಲ್ಲರಿಗೂ ಗೊತ್ತಿತ್ತು, ನಮಗೂ. ಸಾಮಾನನ್ನು ಟ್ರ್ಯಾಕ್ಟರಿಗೆ ಹೇರುವಾಗ ಅವ್ವ ಅಳಲಿಲ್ಲ, ಬೈಯಲಿಲ್ಲ. ಇಷ್ಟು ವರ್ಷ ಇದ್ದೆವಲ್ಲ, ನಮ್ಮದು ಇಲ್ಲಿಂದ ಇಲ್ಲಿಯವರೆಗೆ ಎಂದು ತೋರಿಸಲು ಒಂದು ಗೆರೆಯಾದರೂ ಇತ್ತೇ ಎಂದು ಅಪ್ಪನನ್ನು ಕೇಳಿದಳು. ಅಪ್ಪ ಹಗ್ಗ ಬಿಗಿದ. ಅಲ್ಲಿಂದ ಕಮಲಾಪುರ, ಕಮಲಾಪುರದಿಂದ ಹೊಸಪೇಟೆ, ಒಂದಾದ ಮೇಲೊಂದು ಬಾಡಿಗೆ ಮನೆ. ಅಪ್ಪ ತೀರಿಕೊಂಡದ್ದೂ ಬಾಡಿಗೆ ಮನೆಯಲ್ಲೇ. ಅವ್ವನಿಗೆ ದೊಡ್ಡ ಮನೆಯ ಆಸೆ ಎಂದೂ ಇರಲಿಲ್ಲ. ಯಾರೂ ಬಂದು ಏಳು ಎನ್ನಲಾಗದ ಒಂದು ಮನೆಯಲ್ಲಿ ಕೂರಬೇಕು ಎನ್ನುವುದೊಂದೇ ಅವಳ ಆಸೆಯಾಗಿತ್ತು.

ಮನೆ ಹುಡುಕಿಕೊಟ್ಟವನು ನನ್ನ ಸೋದರಮಾವ, ಅವ್ವನ ತಮ್ಮ. ಹೊಸಪೇಟೆಯಲ್ಲಿ ಆಟೋ ಓಡಿಸುತ್ತಾನೆ, ಊರಲ್ಲಿ ಯಾವ ಮನೆ ಖಾಲಿ ಇದೆ, ಯಾವುದು ಮಾರಾಟಕ್ಕಿದೆ ಎಲ್ಲ ಅವನ ನಾಲಿಗೆಯ ತುದಿಯಲ್ಲಿ. ಕಾಲುವೆ ಕಡೆಯ ಹಳೆಯ ಬಡಾವಣೆಯಲ್ಲಿ ಸಾಲಿನ ಮೊದಲ ಮನೆ ಅದು. ಒಂದು ಪಕ್ಕಕ್ಕೆ ಬೇವಿನ ಮರ, ಮರದ ಬುಡದಲ್ಲಿ ಕಟ್ಟೆ, ಕಟ್ಟೆಯಾಚೆ ಗಟಾರ. ಇನ್ನೊಂದು ಪಕ್ಕಕ್ಕೆ ಜಾಲಿ ಬೆಳೆದ ಖಾಲಿ ಸೈಟು. ಎರಡು ಕೋಣೆ, ಒಂದು ಪಡಸಾಲೆ, ಖಾಲಿ ಸೈಟಿನ ಕಡೆ ಉದ್ದಕ್ಕೆ ಅಗಲವಾದ ಅಡುಗೆಮನೆ. ಮೊದಲ ಸಲ ನೋಡಲು ಹೋದಾಗ ಆ ಅಡುಗೆಮನೆಯೊಳಗೆ ಹೋಗಿ ನಿಂತ ಅವ್ವ ಹೊರಗೆ ಬರಲೇ ಇಲ್ಲ. ಒಲೆಕಟ್ಟೆಯ ಮೇಲೆ ಕೈ ಆಡಿಸಿದಳು, ಕಿಟಕಿ ತೆಗೆದಳು, ಮುಚ್ಚಿದಳು, ಮತ್ತೆ ತೆಗೆದಳು. ಇದೇ ಮನೆ ಎಂದು ನಾನು ಅಲ್ಲೇ ತೀರ್ಮಾನ ಮಾಡಿದೆ.

ಮನೆಯ ಒಡೆಯರು ಕಂಪ್ಲಿಯ ಸಾಹುಕಾರರು, ಅಲ್ಲಿ ಅಕ್ಕಿ ಗಿರಣಿ ಇಟ್ಟವರು. ಅವರ ತಂದೆ ಕಟ್ಟಿಸಿದ ಮನೆ. ಹಣೆಯ ತುಂಬ ವಿಭೂತಿ, ಮೆಲುದನಿ, ಸುತ್ತಲಿನ ಊರುಗಳಲ್ಲಿ ಒಳ್ಳೆಯ ಹೆಸರು. ಇಂಥವರ ಹತ್ತಿರ ಮನೆಯೋ ಹೊಲವೋ ಕೊಳ್ಳುವಾಗ ನಮ್ಮ ಕಡೆ ಯಾರೂ ಹೆಚ್ಚು ಮಾತಾಡುವುದಿಲ್ಲ. ಎಲೆ ಅಡಿಕೆಯ ಮೇಲೆ ಸಂಚಕಾರದ ಮುಂಗಡ ಇಟ್ಟು ಕೈಮುಗಿದರೆ ವ್ಯವಹಾರ ಮುಗಿಯಿತು. ಬ್ಯಾಂಕಿನವರು ಆಗಲೇ ಬಂದು ಮನೆಯ ಮುಂದೆ ನಿಂತು ಫೋಟೋ ತೆಗೆದುಕೊಂಡು ಹೋಗಿದ್ದರು. ವಕೀಲರು ಕಾಗದ ನೋಡಿ ಎಲ್ಲ ಚೊಕ್ಕ ಎಂದಿದ್ದರು. ವಾಸ್ತು ನೋಡುವವರನ್ನು ಮಾವ ತಾನೇ ಕರೆತಂದು, ಬಾಗಿಲು ಭಾಳ ಚಲೋ ದಿಕ್ಕಿಗಿದೆ ಎಂದು ಅವರ ಬಾಯಿಂದ ಹೇಳಿಸಿದ್ದ. ಆ ಕಾಗದದಲ್ಲಿರುವ ನೆಲ ನೆಲದ ಮೇಲೆ ಎಲ್ಲಿದೆ ಎಂದು ಮಾತ್ರ ಯಾರೂ ಕೇಳಿರಲಿಲ್ಲ, ನಾನೂ ಸೇರಿ.

ಸಂಚಕಾರ ಇಡಲು ನಾನು, ಅವ್ವ, ಮಾವ ಮೂವರೂ ಕಂಪ್ಲಿಗೆ ಹೋದೆವು. ಗಿರಣಿಯ ಪಕ್ಕದ ಕೋಣೆಯಲ್ಲಿ ಸಾಹುಕಾರರು ಚಹಾ ತರಿಸಿದರು. ನಾನು ಎಲೆ ಅಡಿಕೆಯ ತಟ್ಟೆಗೆ ಕೈ ಹಾಕುವಷ್ಟರಲ್ಲಿ ಅವ್ವ ನನ್ನ ಮುಂಗೈ ಹಿಡಿದುಕೊಂಡಳು.

“ಸಾಹುಕಾರ್ರ, ಸಂಚಕಾರ ಇಡಾಕ ಮೊದ್ಲು ಮನಿ ಅಳಸ್ತೀವ್ರಿ. ಗೋಡಿ ಅಲ್ರಿ, ನೆಲ.”

ಮಾವ ಚಹಾದ ಲೋಟದಲ್ಲಿ ಮುಖ ಹುದುಗಿಸಿದ. ಸಾಹುಕಾರರ ಮುಖ ಸಣ್ಣಗಾಯಿತು. ಅದು ನಮ್ಮ ತಂದೆ ಕಟ್ಟಿಸಿದ್ದು, ನಮ್ಮ ಮೇಲೆ ಅನುಮಾನವೇ ಎಂದು ಕೇಳಿದರು. ನಿಮ್ಮ ಮೇಲೆ ಅಲ್ಲ, ನೆಲ ಎಲ್ಲಿ ಮುಗಿಯುತ್ತದೆ ಎಂದು ನನ್ನ ಕಣ್ಣಿಂದ ನೋಡಬೇಕು ಎಂದಳು ಅವ್ವ. ದನಿ ಏರಿಸಲಿಲ್ಲ, ಇಳಿಸಲೂ ಇಲ್ಲ. ಅವರು ಎಲೆ ಅಡಿಕೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಆಗಲಿ ಅಳೆಸಿಕೊಳ್ಳಿ ಎಂದರು. ಎದ್ದು ಬೀಳ್ಕೊಡಲು ಬಾಗಿಲವರೆಗೆ ಬರಲಿಲ್ಲ.

ವಾಪಸ್ ಬರುವಾಗ ದಾರಿಯುದ್ದಕ್ಕೂ ಮಾವ ಗೊಣಗಿದ. ದೊಡ್ಡವರ ಮುಂದೆ ತನ್ನ ಮಾನ ಕಳೆದೆವಂತೆ, ಇನ್ನು ಕಂಪ್ಲಿಗೆ ಬಾಡಿಗೆ ಹೊಡೆಯುವಾಗ ತಾನು ಮುಖಕ್ಕೆ ಟವೆಲು ಸುತ್ತಿಕೊಳ್ಳಬೇಕಂತೆ. ಸುತ್ತಿಕೋ, ಧೂಳಿಗೂ ಆಗುತ್ತದೆ ಎಂದಳು ಅವ್ವ.

ಅಳೆಯಲು ಬಂದವರು ಸಂಡೂರಿನ ಲೈಸೆನ್ಸ್ ಸರ್ವೆಯರ್. ಗಣಿಗಳ ಗಡಿ ಅಳೆದು ಪಳಗಿದ ಮನುಷ್ಯ, ಮಾತುಗಾರ. ಗುಡ್ಡಗಳನ್ನೇ ಅಳೆದಿದ್ದೇನೆ, ಇದೇನು ಮಹಾ, ಮಿರ್ಚಿ ಮಂಡಕ್ಕಿ ತಿನ್ನುವಷ್ಟರಲ್ಲಿ ಮುಗಿಸುತ್ತೇನೆ ಎಂದು ಮೂರು ಕಾಲಿನ ಯಂತ್ರ ನಿಲ್ಲಿಸಿದರು. ಬಿಸಿಲು ನೆತ್ತಿಗೇರಿದರೂ ಮುಗಿಯಲಿಲ್ಲ. ನಕ್ಷೆ ನೋಡುವುದು, ಯಂತ್ರಕ್ಕೆ ಕಣ್ಣಿಡುವುದು, ತಲೆ ಕೆರೆದುಕೊಳ್ಳುವುದು, ಮತ್ತೆ ಅದೇ. ಕೊನೆಗೆ ನಮ್ಮನ್ನು ಕರೆದು ವಿಷಯ ಹೇಳಿದರು.

ಈ ಸಾಲಿನ ಸೈಟುಗಳನ್ನೆಲ್ಲ ಅಳೆಯಲು ಎರಡು ತುದಿಗೆ ಎರಡು ಬಾಂದುಕಲ್ಲುಗಳಿದ್ದವಂತೆ. ಬಾಂದುಕಲ್ಲೆಂದರೆ ಗಡಿ ತೋರಿಸಲು ಹಿಂದಿನವರು ನೆಟ್ಟ ಕಲ್ಲು. ಆ ತುದಿಯ ಕಲ್ಲು ಕಸದ ರಾಶಿಯ ಕೆಳಗೆ ಸಿಕ್ಕಿತ್ತು, ನಕ್ಷೆಯಲ್ಲಿದ್ದ ಜಾಗದಲ್ಲೇ ಇತ್ತು. ಈ ತುದಿಯ ಕಲ್ಲು, ಅಂದರೆ ನಮ್ಮ ಮನೆಯ ಕಡೆಯದು, ಗಟಾರದ ಅಂಚಿಗೆ ಇರಬೇಕು. ಅಲ್ಲಿ ಏನೂ ಇಲ್ಲ. ಅಲ್ಲಿಂದ ಮೂರು ಅಡಿ ಒಳಗೆ, ಬೇವಿನ ಕಟ್ಟೆಯ ಮೇಲೆ, ಮೊಣಕಾಲೆತ್ತರದ ಒಂದು ಕಲ್ಲು ನಿಂತಿದೆ. ಹೇಳಿ ಮುಗಿಸಿದವರು ಕಟ್ಟೆಯ ಕಡೆ ಬೆರಳು ತೋರಿಸಲೂ ಹೆದರಿದರು. ಯಾಕೆಂದರೆ ಅಲ್ಲಿ ನಿಂತಿದ್ದವಳು ಕಲ್ಲಮ್ಮ.

ಓಣಿಯ ಹೆಂಗಸರು ಮಂಗಳವಾರ, ಶುಕ್ರವಾರ ಪೂಜೆ ಮಾಡುವ ಕಲ್ಲಮ್ಮ. ಎಣ್ಣೆ ಕುಡಿದು ಕಪ್ಪಗಾಗಿ, ಅರಿಸಿನ ಕುಂಕುಮದ ಪದರುಗಳಲ್ಲಿ ದುಂಡಗಾಗಿ, ಬೆಳ್ಳಿಯ ಕಣ್ಣು, ಹಸಿರು ಬಳೆ ತೊಟ್ಟು ಕೂತಿದ್ದಳು. ಎದುರು ಮನೆಯ ಅಜ್ಜಿಯನ್ನು ಅವ್ವ ಕೇಳಿದಾಗ ಕಥೆ ತಾನಾಗಿ ಹೊರಬಂತು. ಮೊದಲು ಈ ಓಣಿಯಲ್ಲಿ ಮನೆಗಳೇ ಇಲ್ಲದಿದ್ದಾಗಲೂ ಕಲ್ಲಮ್ಮ ಗಟಾರದ ಅಂಚಿಗೆ ಇದ್ದಳು, ಹೊಲಕ್ಕೆ ಹೋಗುವವರು ಕೈಮುಗಿದು ಹೋಗುತ್ತಿದ್ದರು. ಗಟಾರ ಅಗಲ ಮಾಡಿದ ವರ್ಷ ಹೊಲಸು ನೀರು ಅವಳ ಪಾದಕ್ಕೆ ಬಡಿಯತೊಡಗಿತು. ಹೆಂಗಸರೆಲ್ಲ ಸೇರಿ, ಡೊಳ್ಳು ಬಾರಿಸಿ, ಉಡಿ ತುಂಬಿ, ಅವಳನ್ನು ಎತ್ತಿ ಬೇವಿನ ಬುಡಕ್ಕೆ ತಂದು ಕೂರಿಸಿದರು.

ಅದು ಗಡಿಕಲ್ಲು ಎಂದು ಯಾರಿಗೂ ಅನಿಸಲಿಲ್ಲವೇ ಎಂದು ನಾನು ಕೇಳಿದೆ. ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಏನವ್ವಾ, ಆಕಿನ್ನ ಗಟಾರದಾಗ ನಿಂದ್ರಸ್ಬೇಕಿತ್ತೇನು?”

ನಮ್ಮ ಸೀಮೆಯಲ್ಲಿ ಮಣ್ಣಿನಿಂದ ನೆಟ್ಟಗೆ ಎದ್ದ ಕಲ್ಲು ಕಂಡರೆ ಮೊದಲು ಚಪ್ಪಲಿ ಬಿಡುತ್ತೇವೆ, ಆಮೇಲೆ ಅದೇನೆಂದು ಕೇಳುತ್ತೇವೆ. ಬೇರೆ ಕಡೆ ಗಡಿಕಲ್ಲನ್ನು ಕಳ್ಳರು ಸರಿಸುತ್ತಾರಂತೆ. ನಮ್ಮಲ್ಲಿ ಭಕ್ತರು ಸರಿಸಿದ್ದರು, ಅದೂ ಡೊಳ್ಳು ಬಾರಿಸಿ. ಆಮೇಲೆ ಸಾಹುಕಾರರ ತಂದೆ ಮನೆ ಕಟ್ಟಿಸಿದಾಗ ಮೇಸ್ತ್ರಿ ಇದೇ ಕಲ್ಲಿನಿಂದ ದಾರ ಹಿಡಿದಿರಬೇಕು ಎಂದರು ಸರ್ವೆಯರ್. ಆದರೆ ಖಾತ್ರಿಯಾಗಬೇಕಾದರೆ ಕಲ್ಲಿನ ನೆತ್ತಿ ನೋಡಬೇಕು, ಬಾಂದುಕಲ್ಲಾದರೆ ಅಲ್ಲಿ ಕೂಡಿಸುವ ಗುರುತಿನ ಹಾಗೆ ಎರಡು ಗೀರು ಇರುತ್ತವೆ. ನೋಡುವುದು ಹೇಗೆ? ನೆತ್ತಿಯ ಮೇಲೆ ವರ್ಷಗಳ ಎಣ್ಣೆ ಕುಂಕುಮ ಗಟ್ಟಿಯಾಗಿ ಕೂತಿತ್ತು. ಅಷ್ಟರಲ್ಲಿ ಓಣಿಯ ಹೆಂಗಸರು ಕಟ್ಟೆಯ ಸುತ್ತ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನಿಂತಿದ್ದರು. ಗುಡ್ಡ ಅಳೆದ ಸರ್ವೆಯರ್ ಸಾಹೇಬರು ಮೆಲ್ಲಗೆ ನನ್ನ ಬೆನ್ನ ಹಿಂದೆ ಬಂದರು.

ಅವ್ವ ಜಗಳಕ್ಕೆ ಹೋಗಲಿಲ್ಲ. ಗುಡಿಯ ಮುಂದೆ ಬಾಳಿದವಳಿಗೆ ದೇವರ ಹತ್ತಿರ ಹೇಗೆ ನಡೆದುಕೊಳ್ಳಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಅಜ್ಜಿಯ ಬಚ್ಚಲಿನಲ್ಲೇ ಸ್ನಾನ ಮಾಡಿ, ಒದ್ದೆ ಕೂದಲು ಗಂಟು ಕಟ್ಟಿಕೊಂಡು, ಒಂದು ಕೊಡ ಬಿಸಿನೀರು, ಬೊಗಸೆ ಸೀಗೇಪುಡಿ ಹಿಡಿದು ಬಂದಳು. ಇವತ್ತು ಅಮ್ಮನಿಗೆ ನಾನು ಎರೆಯುತ್ತೇನೆ, ನೀವೆಲ್ಲ ಹಾಡು ಹೇಳಿರಿ ಎಂದಳು. ದೇವಿಗೆ ತಲೆಸ್ನಾನ ಮಾಡಿಸುತ್ತೇನೆ ಎಂದರೆ ಬೇಡ ಎನ್ನುವ ಹೆಂಗಸು ಯಾರು? ಕೋಪದಿಂದ ನಿಂತವರೇ ಕೂತು ಹಾಡತೊಡಗಿದರು. ಅವ್ವ ಬಳೆ ತೆಗೆದಳು, ಕಣ್ಣು ತೆಗೆದು ಎಲೆಯ ಮೇಲಿಟ್ಟಳು, ಸೀಗೇಪುಡಿ ಹಾಕಿ ತಿಕ್ಕಿದಳು. ಮಗಳ ತಲೆ ತಿಕ್ಕುವಾಗಿನ ಹಾಗೆಯೇ, ಎಲ್ಲಿಯೂ ಅವಸರವಿಲ್ಲ. ಕೆಂಪು ನೀರು ಹರಿದು ಹರಿದು ತಿಳಿಯಾಯಿತು. ನೆತ್ತಿಯ ಮೇಲೆ ಅಡ್ಡ ಒಂದು ಗೀರು, ಉದ್ದ ಒಂದು ಗೀರು, ನಿನ್ನೆ ಮೊನ್ನೆ ಕೊರೆದ ಹಾಗೆ ಕಾಣಿಸಿದವು.

ಹಾಡು ನಿಂತಿತು. ಅಜ್ಜಿ ಹತ್ತಿರ ಬಂದು ಗೀರುಗಳ ಮೇಲೆ ಬೆರಳಿಟ್ಟು ನೋಡಿದಳು. ಇನ್ನೀಗ ಏನು ಮಾಡುತ್ತೀರಿ, ಮತ್ತೆ ಗಟಾರಕ್ಕೆ ಒಯ್ಯುತ್ತೀರಾ ಎಂದು ಕೇಳಿದಳು, ಅವಳ ದನಿಯಲ್ಲಿ ಭಯ ಇತ್ತು.

“ಯಾಕ ಒಯ್ಯಬೇಕು, ಅಮ್ಮ ಇಲ್ಲೇ ಇರಲಿ. ಗೆರಿ ಮಾತ್ರ ಮೊದ್ಲು ಎಲ್ಲಿತ್ತೋ ಅಲ್ಲಿಂದ ಎಳೀಲಿ,” ಎಂದಳು ಅವ್ವ. ಹೊಸ ಅರಿಸಿನ ಕುಂಕುಮ ಹಚ್ಚಿ, ಕಣ್ಣು ಕೂರಿಸಿ, ಬಳೆ ತೊಡಿಸಿ ಎದ್ದಳು.

ಸರ್ವೆಯರ್ ಗಟಾರದ ಅಂಚಿನಿಂದ ಅಳೆದರು. ಲೆಕ್ಕ ಸರಳವಾಗಿತ್ತು. ಇಡೀ ಮನೆ ಮೂರು ಅಡಿ ಪಕ್ಕಕ್ಕೆ ಸರಿದು ಕೂತಿತ್ತು. ಈ ಕಡೆ ನಮ್ಮದಾಗಬೇಕಾದ ಮೂರು ಅಡಿಯಲ್ಲಿ ಬೇವಿನ ಮರ, ಕಟ್ಟೆ, ಕಲ್ಲಮ್ಮ. ಆ ಕಡೆ ಪಕ್ಕದ ಖಾಲಿ ಸೈಟಿನ ಮೂರು ಅಡಿಯನ್ನು ಮನೆ ನುಂಗಿತ್ತು. ಅದರಾಚೆಯ ಮನೆಗಳೆಲ್ಲ ಆ ತುದಿಯ ಕಲ್ಲಿನಿಂದ ಅಳೆದು ಕಟ್ಟಿದವು, ಅವು ಸರಿಯಾಗಿದ್ದವು. ನಡುವೆ ಸಿಕ್ಕ ಖಾಲಿ ಸೈಟೊಂದೇ ಯಾರಿಗೂ ಗೊತ್ತಾಗದೆ ಕಿರಿದಾಗಿತ್ತು. ಸರ್ವೆಯರ್ ಸುಣ್ಣದ ಪುಡಿಯಿಂದ ಗೆರೆ ಹಾಕುತ್ತಾ ಮನೆಯೊಳಗೂ ಬಂದರು. ಬಿಳಿ ಗೆರೆ ಅಡುಗೆಮನೆಯ ನೆಲದ ಮೇಲೆ ಉದ್ದಕ್ಕೆ ಹೋಯಿತು. ಒಲೆಕಟ್ಟೆ, ಕಿಟಕಿ ಎಲ್ಲ ಗೆರೆಯ ಆಚೆ ಉಳಿದವು. ಅವ್ವ ಈಚೆ ನಿಂತು ನೋಡಿದಳು, ಗೆರೆ ದಾಟಿ ಕಾಲಿಡಲಿಲ್ಲ.

ಫೋನು ಮಾಡಿದ ಮೇಲೆ ಸಾಹುಕಾರರು ಬಂದರು. ಗೆರೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕೆಮ್ಮಿ, ಆ ಸೈಟಿನವರು ಇತ್ತ ತಲೆ ಹಾಕಿದ್ದನ್ನೇ ತಾವು ಕಂಡಿಲ್ಲ, ಅವರು ಅಳೆಸುವ ಪೈಕಿಯೂ ಅಲ್ಲ, ಬೆಲೆಯಲ್ಲಿ ಬೇಕಾದರೆ ನೋಡೋಣ, ಇದನ್ನು ಇಲ್ಲಿಗೇ ಬಿಡೋಣ ಎಂದರು. ಮಾವನಿಗೆ ಹೋದ ಜೀವ ಬಂದಂತಾಯಿತು. ಸರ್ವೆಯರ್, ನನ್ನ ನಕ್ಷೆ ನಿಮಗೆ ಕೊಡುತ್ತೇನೆ, ಯಾರಿಗೆ ತೋರಿಸುತ್ತೀರೋ ನಿಮಗೆ ಬಿಟ್ಟದ್ದು ಎಂದರು. ಸುಳ್ಳೇಕೆ, ನನಗೂ ಆಸೆಯಾಯಿತು. ಅವ್ವ ಕಿಟಕಿ ತೆಗೆದು ಮುಚ್ಚಿ ಮಾಡಿದ್ದು ಕಣ್ಣ ಮುಂದೆಯೇ ಇತ್ತು.

ಆ ಸೈಟು ಯಾರದು ಎಂದು ಅವ್ವ ಕೇಳಿದಳು. ಹಂಪಿ ಕಡೆ ಬಾಳೆತೋಟಗಳಲ್ಲಿ ಕೂಲಿ ಮಾಡುವ ಒಬ್ಬ ಹೆಂಗಸಿನದು, ಕಮಲಾಪುರದಲ್ಲಿದ್ದಾಳೆ ಎಂದ ಮಾವ. ಆಟೋ ತೆಗಿ ಎಂದಳು ಅವ್ವ. ಅಕ್ಕಾ, ಆಕೆಗೆ ಹೇಳಿದರೆ ಮನೆ ಕೈತಪ್ಪುತ್ತದೆ, ಸಾಹುಕಾರರು ಸುಮ್ಮನಿರುವುದಿಲ್ಲ ಎಂದು ಮಾವ ಬೇಡಿಕೊಂಡ. ಹೋದರೆ ಹೋಗಲಿ ಎಂದು ಅವ್ವ ಹೋಗಿ ಆಟೋದಲ್ಲಿ ಕೂತಳು. ಸಾಹುಕಾರರ ಎದುರಿಗೇ. ಮನೆ ಹೋಯಿತು ಎಂದುಕೊಳ್ಳುತ್ತಲೇ ನಾನೂ ಹೋಗಿ ಅವಳ ಪಕ್ಕ ಕೂತೆ.

ತಗಡಿನ ಮನೆ, ಒಂದೇ ಕೋಣೆ, ಗೋಡೆಯ ಮೇಲೆ ಬುದ್ಧನ ಪಟ. ಆಗಷ್ಟೇ ತೋಟದಿಂದ ಬಂದು ಕೈ ತೊಳೆಯುತ್ತಿದ್ದಳು ಆ ಹೆಂಗಸು, ಅವ್ವನಿಗಿಂತ ನಾಲ್ಕಾರು ವರ್ಷ ಚಿಕ್ಕವಳು. ಬಾಳೆಯ ಕರೆ ಹತ್ತಿ ಅಂಗೈಯೆಲ್ಲ ಕಪ್ಪಾಗಿತ್ತು. ಅವ್ವ ಸುತ್ತಿ ಬಳಸಿ ಮಾತಾಡಲಿಲ್ಲ. ನಿನ್ನ ಸೈಟಿನ ಪಕ್ಕದ ಮನೆಯನ್ನು ನಾವು ಕೊಳ್ಳಬೇಕೆಂದಿದ್ದೇವೆ, ಅಳೆಸಿ ನೋಡಿದರೆ ಅದರ ಅಡುಗೆಮನೆ ನಿನ್ನ ನೆಲದ ಮೇಲೆ ಮೂರು ಅಡಿ ಕೂತಿದೆ, ಕಲ್ಲು ಸರಿದು ಹೀಗಾಗಿದೆ, ನಿನಗೆ ಗೊತ್ತಿರಲಿ ಎಂದು ಬಂದೆವು ಎಂದಳು. ಆಕೆ ಕೈ ಒರೆಸಿಕೊಳ್ಳುವುದನ್ನು ಮರೆತು ನಿಂತಳು. ಕೊಳ್ಳುವವರು ನೀವು, ಇದನ್ನು ನೀವೇ ಬಂದು ನನಗೆ ಯಾಕೆ ಹೇಳುತ್ತೀರಿ ಎಂದು ಕೇಳಿದಳು.

“ನನ್ನನ್ನ ಒಮ್ಮಿ ಎಬ್ಸ್ಯಾರ, ತಂಗಿ,” ಎಂದಳು ಅವ್ವ. “ಇನ್ನೊಬ್ಬರ ಜಾಗದಾಗ ನಾನು ಮತ್ತ ಕುಂದ್ರಂಗಿಲ್ಲ.”

ಆಕೆ ಚಾಪೆ ಹಾಸಿದಳು, ಚಹಾಕ್ಕಿಟ್ಟಳು. ನಾನು ಬಾಯಿ ತಡೆಯಲಾರದೆ, ಆ ಮೂರು ಅಡಿಯನ್ನು ನಮಗೇ ಮಾರಬಹುದಲ್ಲ ಎಂದು ಕೇಳಿಬಿಟ್ಟೆ. ಆಕೆ ನನ್ನ ಕಡೆ ನೋಡಲಿಲ್ಲ, ಅವ್ವನ ಕಡೆ ನೋಡಿ ಹೇಳಿದಳು. “ಇಲ್ಲಕ್ಕ. ನಂದು ಎಷ್ಟೈತೋ ಅಷ್ಟೂ ನಂಗ ಬೇಕು.”

ವಾಪಸ್ ಬರುವಾಗ ಅವ್ವ ನಗುತ್ತಿದ್ದಳು. ಮನೆ ಕೈತಪ್ಪಿದ ದಿನ ನಗುವವರನ್ನು ನಾನು ನೋಡಿರಲಿಲ್ಲ. ಹಾಗನ್ನಬೇಕು, ಹಾಗೇ ಅನ್ನಬೇಕು ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು.

ಗೋಡೆಯನ್ನು ಗೆರೆಯ ಈಚೆಗೆ ತಂದು ಕೊಟ್ಟರೆ ಕೊಳ್ಳುತ್ತೇವೆ ಎಂದು ಸಾಹುಕಾರರಿಗೆ ತಿಳಿಸಿದೆವು. ಅಪ್ಪ ಕಟ್ಟಿಸಿದ ಗೋಡೆಗೆ ನಾನು ಸುತ್ತಿಗೆ ಹಾಕಿಸುವುದಿಲ್ಲ, ನೀವು ಬೇರೆ ಮನೆ ನೋಡಿಕೊಳ್ಳಿ ಎಂದು ಅವರು ಫೋನಿಟ್ಟರು. ಬೇರೆ ಮನೆಗಳನ್ನು ನೋಡಿದೆವು. ಅವ್ವ ಎಲ್ಲಿ ಹೋದರೂ ಮೊದಲು ಕೇಳುವುದು ಒಂದೇ, ನೆಲ ಎಲ್ಲಿ ಮುಗಿಯುತ್ತದೆ. ಹೊಸಪೇಟೆಯ ದಲ್ಲಾಳಿಗಳಲ್ಲಿ ನಮ್ಮ ಹೆಸರು ಕೆಟ್ಟಿತು. ಟೇಪಿನ ಅವ್ವ ಬಂದಳು ಎಂದು ನಗುತ್ತಿದ್ದರಂತೆ, ಮಾವನೇ ಬಂದು ಹೇಳಿದ. ಅವನಿಗೂ ನಗು. ನನಗೆ ಮೈ ಉರಿಯಿತು, ಅವ್ವನಿಗೆ ಮಾತ್ರ ಆ ಹೆಸರು ಚಲೋ ಅನಿಸಿತು.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಸಂಜೆ ಸಾಹುಕಾರರು ತಾವೇ ನಮ್ಮ ಬಾಡಿಗೆ ಮನೆಗೆ ಬಂದರು. ಚಪ್ಪಲಿ ಬಿಟ್ಟು ಒಳಗೆ ಬಂದು, ಕುರ್ಚಿ ಹಾಕಿದರೂ ಕೂರದೆ, ಅವ್ವನ ಎದುರು ಗೋಡೆಗೊರಗಿ ನಿಂತರು. ಮನೆ ನೋಡಲು ಬೇರೆಯವರು ಬಂದಿದ್ದರಂತೆ. ಎಲ್ಲ ಕೋಣೆ ತೋರಿಸಿದ ಮೇಲೆ ಅಡುಗೆಮನೆಗೆ ಕರೆದೊಯ್ಯಲು ಕಾಲು ಬರಲಿಲ್ಲವಂತೆ. ಸುಣ್ಣ ಗುಡಿಸಿ ಹಾಕಿದ್ದರೂ ತಮ್ಮ ಕಣ್ಣ ಮುಂದಿನಿಂದ ಗೆರೆ ಹೋಗುತ್ತಿಲ್ಲ ಎಂದರು.

“ನಮ್ಮಪ್ಪ ತಿಳಿದು ಮಾಡಿದ್ದಲ್ಲವ್ವ ಅದು. ತಿಳಿದ ಮ್ಯಾಲೂ ಹಂಗ ಬಿಟ್ರ, ಅದು ನಾ ಮಾಡಿದಂಗಾಗತೈತಿ. ಗೋಡಿ ನಾನ ತಗಸ್ತೀನಿ.”

ಅವ್ವ ಎದ್ದು ನಿಂತು ಕೈಮುಗಿದಳು, ಅವರೂ ಮುಗಿದರು. ಅವರ ಮೇಲೆ ಇದ್ದಬದ್ದ ಸಿಟ್ಟೆಲ್ಲ ನನಗೆ ಆ ಕ್ಷಣ ಇಳಿದುಹೋಯಿತು. ಮುಂದಿನ ವಾರವೇ ಕೆಲಸದವರು ಬಂದರು. ಸುತ್ತಿಗೆಯ ಮೊದಲ ಏಟು ಹಾಕುವಾಗ ಸಾಹುಕಾರರು ತಾವೇ ಅಲ್ಲಿದ್ದರು, ಗೋಡೆಗೆ ಒಂದು ಕಾಯಿ ಒಡೆಸಿದರು.

ಹೀಗೆ ಮನೆ ನಮ್ಮದಾಯಿತು, ಅಳತೆಯ ನಕ್ಷೆಯ ಸಮೇತ. ಅಡುಗೆಮನೆ ಎಷ್ಟು ಕಿರಿದಾಗಿದೆಯೆಂದರೆ ನಾನು ಒಳಗಿದ್ದರೆ ಅವ್ವ ಹೊರಗಿರಬೇಕು, ಇಬ್ಬರೂ ಹೊಕ್ಕರೆ ಒಬ್ಬರ ಮೊಣಕೈ ಇನ್ನೊಬ್ಬರ ಪಕ್ಕೆಗೆ. ರೊಟ್ಟಿ ಬಡಿಯುವುದು ಈಗ ಪಡಸಾಲೆಯಲ್ಲಿ. ಗೃಹಪ್ರವೇಶಕ್ಕೆ ಬಂದ ಬಳಗದವರು, ಇಷ್ಟು ದುಡಿದು ಕೊಂಡದ್ದು ಇಂಥ ಗೂಡನ್ನೇ ಎಂದು ಮೂಗು ಮುರಿದರು. ಅವ್ವ ಅವರಿಗೆ ಅಡುಗೆಮನೆ ತೋರಿಸಲೇ ಇಲ್ಲ. ಒಬ್ಬೊಬ್ಬರನ್ನೇ ಕೈ ಹಿಡಿದು ಹೊರಗೆ ಕರೆದೊಯ್ದು, ನಮ್ಮದು ಇಲ್ಲಿಂದ ಇಲ್ಲಿಯವರೆಗೆ ಎಂದು ನಾಲ್ಕು ಮೂಲೆ ತೋರಿಸಿದಳು. ಜರಿ ಸೀರೆ ಉಟ್ಟವರೆಲ್ಲ ಮುಳ್ಳು ತುಳಿಯುತ್ತಾ ಸುತ್ತು ಹಾಕಿದರು. ಕಲ್ಲಮ್ಮನ ಪೂಜೆಗೆ ಓಣಿಯವರು ಮೊದಲಿನಂತೆಯೇ ಬರುತ್ತಾರೆ. ಕಟ್ಟೆ ನಮ್ಮ ನೆಲದ ಮೇಲಿದೆ ಎಂದು ಗೊತ್ತಾದ ಮೇಲೆ ಅಮ್ಮ ಇಲ್ಲೇ ಇರಬಹುದೇ ಎಂದು ಅಜ್ಜಿ ಒಮ್ಮೆ ಅಳುಕುತ್ತಾ ಕೇಳಿದಳು. ಅಮ್ಮನನ್ನು ಏಳು ಎನ್ನುವವಳು ನಾನಲ್ಲ ಎಂದು ಅವ್ವ ಹೇಳಿದ ಮೇಲೆ ಆ ಮಾತು ಮತ್ತೆ ಬರಲಿಲ್ಲ.

ಕಳೆದ ಚಳಿಗಾಲದಲ್ಲಿ ಕಮಲಾಪುರದ ಆ ಹೆಂಗಸು ತನ್ನ ಸೈಟಿನಲ್ಲಿ ಮನೆ ಶುರು ಮಾಡಿದಳು. ಜಾಲಿ ಕಡಿಸಿ, ನೆಲ ಸಮ ಮಾಡಿಸಿ, ಪಾಯ ತೋಡುವ ಮುಂಚೆ ಆಕೆಯೂ ಅಳೆಸಿದಳು. ಬಂದಿದ್ದವರು ಬೇರೆ ಸರ್ವೆಯರ್, ನಮ್ಮ ಕಥೆ ಗೊತ್ತಿಲ್ಲದವರು. ಆ ದಿನ ನನಗೆ ಮಧ್ಯಾಹ್ನದ ಶಿಫ್ಟು, ಕಾಂಪೌಂಡಿನ ಹತ್ತಿರ ನಿಂತು ನೋಡುತ್ತಿದ್ದೆ. ನಮ್ಮ ಗೋಡೆಯ ಕಡೆಯ ಅಳತೆ ಬಂದಾಗ ಸರ್ವೆಯರ್ ಟೇಪಿನ ತುದಿ ಹಿಡಿಯಲು ಯಾರಾದರೂ ಬನ್ನಿ ಎಂದರು. ಆಕೆಯ ತಮ್ಮ ಮುಂದೆ ಬಂದ. ಆಕೆ ಅವನನ್ನು ತಡೆದು, ಅವ್ವನನ್ನು ಕೂಗಿ ಕರೆದಳು.

“ಅಕ್ಕಾ, ಈ ತುದಿ ನೀನು ಹಿಡಿ. ನೀನು ಹಿಡಿದ್ರ ನಾನು ನೋಡಾದ ಬ್ಯಾಡ.”

ಅವ್ವ ಸೆರಗಿಗೆ ಕೈ ಒರೆಸಿಕೊಂಡು ಹೋಗಿ, ಗೋಡೆಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಟೇಪಿನ ತುದಿ ಹಿಡಿದಳು. ನೆಲಕ್ಕೆ ಒತ್ತಿ ಹಿಡಿದು, ತಲೆಯೆತ್ತಿ ಆಕೆಯನ್ನು ಕರೆದಳು.

“ಹಂಗನಬ್ಯಾಡ ತಂಗಿ. ನಾನು ಹಿಡಿದ್ರೂ ನೀನು ಬಂದು ನೋಡು. ನಿಂದು ನೀನ ನೋಡ್ಬೇಕು.”

ಆಕೆ ಬಂದು ಅವ್ವನ ಪಕ್ಕ ಕೂತಳು. ಇಬ್ಬರೂ ತಲೆಗೆ ತಲೆ ತಾಗಿಸಿ ಬಗ್ಗಿ ನೋಡಿದರು. ಸರ್ವೆಯರ್ ಆ ತುದಿಯಿಂದ ಅಂಕಿ ಕೂಗಿದರು. ಆಕೆ ಅದನ್ನು ಒಮ್ಮೆ ತಾನೂ ಹೇಳಿ, ಸರಿ ಐತಿ ಎಂದಳು. ಸರ್ವೆಯರ್ ಟೇಪು ಸುತ್ತಿಕೊಳ್ಳುತ್ತಾ ನನ್ನ ಹತ್ತಿರ ಬಂದು, ಆ ದೊಡ್ಡಾಕಿ ಯಾರು ಎಂದು ಕೇಳಿದರು.

ಊರಿಗೆಲ್ಲ ಹೇಳಿಕೊಂಡು ಬಂದವಳು ನಾನು. ಅವರಿಗೆ ಮಾತ್ರ, ನಮ್ಮವ್ವ ಎಂದಷ್ಟೇ ಹೇಳಿದೆ.